ಎಲೆ ಲೆಕ್ಕವೋ, ಆಳು ಲೆಕ್ಕವೋ

ಶನಿವಾರ ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಮೂವರು ಸೇರುವುದು ವಾಡಿಕೆ. ನಾನು, ನನ್ನ ಜೊತೆ ಹೈಸ್ಕೂಲು ಓದಿದ ಸೀನ, ಬ್ಯಾಂಕಿನಿಂದ ರಿಟೈರ್ ಆದ ರಾಯರು. ಸೀನ ಮದುವೆ ಅಡುಗೆ ಕಂಟ್ರಾಕ್ಟರ್. ನಾನು ಟೆಕ್ನಾಲಜಿ ಕನ್ಸಲ್ಟಿಂಗ್ ಕಂಪನಿಯಲ್ಲಿ ಏನೋ ಒಂದು. ಹದಿನೆಂಟು ವರ್ಷವಾಯಿತು, ಅದೇನು ಅಂತ ನಮ್ಮಮ್ಮನಿಗೇ ಇನ್ನೂ ಹೇಳಲು ಆಗಿಲ್ಲ. ಕೇಳಿದವರಿಗೆಲ್ಲ "ಕಂಪ್ಯೂಟರಲ್ಲಿದ್ದಾನೆ" ಅನ್ನುತ್ತಾಳೆ, ನಾನು ಅದರೊಳಗೇ ಮನೆ ಮಾಡಿಕೊಂಡಿರುವ ಹಾಗೆ.

ಮೊನ್ನೆ ಬಾಯಿತಪ್ಪಿ ಹೇಳಿಬಿಟ್ಟೆ. "ಮೂರು ವಾರದಿಂದ ಬೆಂಚಲ್ಲಿದ್ದೀನಿ."

"ಈಗಲೂ ಬೆಂಚಲ್ಲೇ ಇದ್ದೀಯಲ್ಲಪ್ಪ" ಅಂತ ರಾಯರು ಸ್ವಲ್ಪ ಸರಿದು ಜಾಗ ಕೊಟ್ಟರು.

"ಅದಲ್ಲ ರಾಯರೇ. ಹಳೇ ಪ್ರಾಜೆಕ್ಟ್ ಮುಗೀತು, ಹೊಸದು ಸಿಕ್ಕಿಲ್ಲ. ಸಂಬಳ ಬರುತ್ತೆ, ಕೆಲಸ ಇಲ್ಲ. ಅದಕ್ಕೆ ಬೆಂಚು ಅಂತಾರೆ."

"ಇದಕ್ಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯಾ? ನಮ್ಮ ಬ್ರಾಂಚಲ್ಲಿ ಇಬ್ಬರು ಮೂವತ್ತು ವರ್ಷ ಹಾಗೇ ಇದ್ದು ಪೆನ್ಷನ್ ತಗೊಂಡರು."

ಸೀನನಿಗೆ ಮಾತ್ರ ತಕ್ಷಣ ಅರ್ಥವಾಯಿತು. "ಆಷಾಢ ಅನ್ನು. ಮುಹೂರ್ತ ಇಲ್ಲ, ಭಟ್ಟರಿಗೆ ಮಾತ್ರ ಊಟ ಹಾಕಬೇಕು. ಅಲ್ಲ, ನೀವು ಮಾರೋದಾದರೂ ಏನೋ?"

"ಗಂಟೆ."

"ದೇವಸ್ಥಾನದ್ದಾ?"

ನಾನು ಬಿಡಿಸಿ ಹೇಳಿದೆ. ನಮ್ಮ ಹತ್ತಿರ ಜನ ಇದ್ದಾರೆ. ಅಮೆರಿಕದ ಯಾವುದೋ ವಿಮೆ ಕಂಪನಿಗೆ ಕೆಲಸ ಇದೆ. ನಮ್ಮ ಒಬ್ಬೊಬ್ಬರ ತಲೆಗೆ ಗಂಟೆಗಿಷ್ಟು ಡಾಲರ್ ಅಂತ ಬಿಲ್ ಮಾಡುತ್ತೇವೆ. ಕೆಲವು ಸಲ ಹಾಗಲ್ಲ, ಇಡೀ ಕೆಲಸಕ್ಕೆ ಮೊದಲೇ ಒಂದು ರೇಟು ಒಪ್ಪಿಕೊಳ್ಳುತ್ತೇವೆ.

"ಅಷ್ಟೇನಾ? ಆಳು ಲೆಕ್ಕ, ಇಲ್ಲ ಎಲೆ ಲೆಕ್ಕ" ಅಂದ ಸೀನ. "ಎಲೆ ಲೆಕ್ಕದಲ್ಲಿ ಬೇಗ ಮುಗಿಸಿದರೆ ಲಾಭ, ಆಳು ಲೆಕ್ಕದಲ್ಲಿ ನಿಧಾನ ಮಾಡಿದರೆ ಲಾಭ."

ಇದನ್ನು ಹೇಳಿಕೊಡಲು ನಮ್ಮಲ್ಲಿ ಎರಡು ದಿನ ಟ್ರೈನಿಂಗ್ ಇಟ್ಟಿದ್ದರು. ಎಂಬತ್ತು ಸ್ಲೈಡು.

"ಗಿರಾಕಿ ಹೇಗೆ ಹಿಡೀತೀರಿ?" ರಾಯರು ಕೇಳಿದರು.

"ದೊಡ್ಡವರು ಹೋಗಿ ಮಾತಾಡ್ತಾರೆ. ಸೂಟು, ಇಪ್ಪತ್ತೈದು ವರ್ಷದ ಅನುಭವ. ಸಹಿ ಬಿದ್ದ ಮೇಲೆ ಕೆಲಸಕ್ಕೆ ಕಾಲೇಜಿಂದ ಈಚೆಗೆ ಬಂದ ಹುಡುಗರನ್ನ ಹಾಕ್ತಾರೆ."

ಸೀನ ತೊಡೆ ತಟ್ಟಿಕೊಂಡು ನಕ್ಕ. "ಮಾತಿಗೆ ದೊಡ್ಡ ಭಟ್ಟರು, ಒಲೆ ಮುಂದೆ ಅವರ ತಮ್ಮನ ಮಗ! ನಾನೂ ಅದನ್ನೇ ಮಾಡೋದು ಕಣೋ. ಹುಡುಗಿ ಅಪ್ಪ ಬಂದಾಗ ಭಟ್ಟರ ಕೈಲೇ ಮೈಸೂರು ಪಾಕ್ ಕೊಡಿಸ್ತೀನಿ."

"ನಮ್ಮಲ್ಲಿ ಶ್ಯಾಡೋ ಅಂತಾನೂ ಇದೆ. ಟೀಮಲ್ಲಿ ಇರ್ತಾನೆ, ಅವನಿಗೆ ಬಿಲ್ ಇಲ್ಲ. ಸುಮ್ನೆ ಪಕ್ಕದಲ್ಲಿ ಕೂತು ಕಲೀತಾನೆ."

"ಉಪ್ಪು ಬಡಿಸೋನು. ನಮ್ಮಲ್ಲಿ ಹೊಸಬರಿಗೆ ಮೊದಲ ಸೀಸನ್ ಉಪ್ಪು, ನೀರು, ಎರಡೇ. ಸಾರಿನ ಬಕೆಟ್ ಕೈಗೆ ಬರಬೇಕಾದರೆ ಎರಡು ವರ್ಷ. ಪಾಯಸ ಅಂದರೆ ನಿಮ್ಮ ವೈಸ್ ಪ್ರೆಸಿಡೆಂಟು."

ರಾಯರಿಗೆ ಕನ್ಸಲ್ಟೆಂಟರ ಮೇಲೆ ಒಂದು ಹಳೇ ಸಿಟ್ಟಿದೆ. 1999ರ ಡಿಸೆಂಬರ್ 31ರ ರಾತ್ರಿ ಅವರು ಬ್ರಾಂಚಿನಲ್ಲೇ ಕೂತಿದ್ದರಂತೆ. ಹಳೇ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸಲು ಇಸವಿಗೆ ಎರಡೇ ಅಂಕಿ ಇಟ್ಟಿದ್ದರಲ್ಲ, 99 ಆದ ಮೇಲೆ 00 ಬಂದರೆ ಕಂಪ್ಯೂಟರ್ ಅದನ್ನು 1900 ಅಂದುಕೊಳ್ಳುತ್ತದೆ ಅನ್ನೋ ಭಯ. ಸಾಲದ ಬಡ್ಡಿಯೆಲ್ಲ ನೂರು ವರ್ಷ ಹಿಂದಕ್ಕೆ! "ಹನ್ನೆರಡು ಹೊಡೀತು. ಎಲ್ಲರೂ ಉಸಿರು ಬಿಗಿಹಿಡಿದೆವು. ಏನೂ ಆಗಲಿಲ್ಲ. ಫ್ಲಾಸ್ಕಿನ ಕಾಫಿ ಕುಡಿದು ಮನೆಗೆ ಹೋದೆವು. ಏನೂ ಆಗದೇ ಇದ್ದದ್ದಕ್ಕೆ ಎಷ್ಟು ಬಿಲ್ ಮಾಡಿದರೋ ಆ ಪುಣ್ಯಾತ್ಮರು!"

"ಏನೂ ಆಗಬಾರದು ಅಂತಾನೇ ತಾನೆ ದುಡ್ಡು ಕೊಟ್ಟಿದ್ದು, ರಾಯರೇ" ಅಂದೆ. ನಮ್ಮ ಐಟಿ ಕಂಪನಿಗಳು ಅಮೆರಿಕದ ಗಿರಾಕಿಗಳ ಮನೆಯೊಳಗೆ ಕಾಲಿಟ್ಟಿದ್ದರಲ್ಲಿ ಆ ಎರಡು ಸೊನ್ನೆಯ ಪಾಲು ಜಾಸ್ತಿ. ಆದರೆ ರಾಯರು ಒಪ್ಪುವವರಲ್ಲ.

"ಹೋಗಲಿ, ಬೆಂಚಲ್ಲಿ ದಿನವೆಲ್ಲ ಏನು ಮಾಡ್ತೀಯ?"

ಇಲ್ಲೇ ನನ್ನ ಹೊಟ್ಟೆ ಉರಿಯುವುದು. ಕೆಲಸ ಇಲ್ಲದಿದ್ದರೂ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕೂರಲೇಬೇಕು. ಮೊದಲಾದರೆ ಸಿಲ್ಕ್ ಬೋರ್ಡ್ ಜಾಮ್ ಅನ್ನೋ ನೆಪ ಇತ್ತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಹಳದಿ ಮೆಟ್ರೋ ಶುರುವಾಗಿ ಅದೂ ಹೋಯಿತು. ಅಲ್ಲಿ ಹೋಗಿ ಆನ್‌ಲೈನ್ ಕೋರ್ಸು ಓಡಿಸಿಟ್ಟುಕೊಂಡು, ಯಾವ ಪ್ರಾಜೆಕ್ಟಿನವರಾದರೂ ಇಂಟರ್‌ವ್ಯೂಗೆ ಕರೆಯುತ್ತಾರಾ ಅಂತ ಕಾಯಬೇಕು. ನಮ್ಮದೇ ಕಂಪನಿ, ನಮ್ಮವರೇ ಇಂಟರ್‌ವ್ಯೂ. "ನಿಮ್ಮ ಬಗ್ಗೆ ಹೇಳಿ" ಅಂತ ಬೇರೆ ಕೇಳುತ್ತಾರೆ.

ಶುಕ್ರವಾರ ಸಂಜೆ ಟೈಮ್‌ಶೀಟ್. ದಿನಕ್ಕೆ ಒಂಬತ್ತು ಗಂಟೆ, ಐದು ದಿನಕ್ಕೆ 45 ಗಂಟೆ, "ಏನೂ ಮಾಡಿಲ್ಲ" ಅನ್ನುವುದಕ್ಕೇ ಇರುವ ಕೋಡಿನಲ್ಲಿ ತುಂಬಬೇಕು. ಮ್ಯಾನೇಜರ್ ನೋಡಿ ಅಪ್ರೂವ್ ಮಾಡಬೇಕು. ಕಳೆದ ವಾರ ನನ್ನದು ರಿಜೆಕ್ಟ್ ಆಯಿತು.

"ಏನೂ ಮಾಡದೇ ಇರೋದರಲ್ಲಿ ಏನು ತಪ್ಪು ಮಾಡಿದೆಯೋ?" ಸೀನನಿಗೆ ನಿಜವಾಗಿಯೂ ಆಶ್ಚರ್ಯ.

"ಒಂದು ದಿನ ರಜೆ ಇತ್ತು. ರಜೆ ದಿನ ಏನೂ ಮಾಡದೇ ಇರೋದಕ್ಕೆ ಬೇರೆ ಕೋಡು."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರಿ ಬ್ಯಾಂಕಿನಲ್ಲೂ ಇಷ್ಟು ಮುಂದುವರಿದಿರಲಿಲ್ಲವಂತೆ.

ಪ್ರಾಜೆಕ್ಟ್ ಇದ್ದಾಗ ಇನ್ನೊಂದು ಕಥೆ. ನ್ಯೂಯಾರ್ಕಿನವರ ಬೆಳಿಗ್ಗೆ ಹನ್ನೊಂದರ ಮೀಟಿಂಗು ನಮಗೆ ಬೇಸಿಗೆಯಲ್ಲಿ ರಾತ್ರಿ ಎಂಟೂವರೆಗೆ. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಒಂಬತ್ತೂವರೆ. ಅವರು ಅಲ್ಲಿ ಮುಳ್ಳು ತಿರುಗಿಸಿದರೆ ಇಲ್ಲಿ ನನ್ನ ಮುದ್ದೆ ತಣ್ಣಗಾಗುತ್ತದೆ. "ಅಲ್ಲಿಗೇ ಹೋಗಿಬಿಡು" ಅಂದರು ರಾಯರು. ಎಚ್‌-1ಬಿ ವೀಸಾಕ್ಕೆ ವರ್ಷಕ್ಕೆ 85,000ದ ಮಿತಿ, ಅದಕ್ಕೂ ಲಾಟರಿ, 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಫೀಸು ಅಂತ ಬೇರೆ ಘೋಷಿಸಿದರು ಅಂದೆ. ರಾಯರು ಮನಸ್ಸಿನಲ್ಲೇ ಗುಣಿಸಿ ನೋಡಿ ಸುಮ್ಮನಾದರು.

"ಬೇಜಾರಾದರೆ ಬಿಟ್ಟುಬಿಡೋ" ಅಂದ ಸೀನ.

"ತೊಂಬತ್ತು ದಿನ ನೋಟಿಸ್ ಕೊಡಬೇಕು."

"ನಮ್ಮ ಹುಡುಗರು ಮುಹೂರ್ತದ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡ್ತಾರೆ. ಅದೇ ನೋಟಿಸು."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಹೇಳಿ ಸ್ವಾಮಿ... ನಾಳೆಗೆ ಇನ್ನೈವತ್ತು ಎಲೆನಾ? ಜೊತೆಗೆ ಒಂದು ಸ್ವೀಟು... ಅಯ್ಯೋ, ಆಗುತ್ತೆ ಬಿಡಿ."

"ದುಡ್ಡು ಕೇಳೋ!" ನಾನು ಪಿಸುಗುಟ್ಟಿದೆ. "ಚೇಂಜ್ ರಿಕ್ವೆಸ್ಟ್ ಹಾಕು!"

ಸೀನ ಕೈಯಿಂದ ಸುಮ್ಮನಿರಲು ಹೇಳಿ ಫೋನಿಟ್ಟ. ಬೆರಳಲ್ಲಿ ಲೆಕ್ಕ ಹಾಕಿದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ನಾಳೆ ಒಬ್ಬ ಬಡಿಸೋನು ಕಮ್ಮಿ ಬೀಳ್ತಾನೆ. ನೀನು ಹೇಗೂ ಬೆಂಚಲ್ಲಿದ್ದೀಯ, ಪಂಚೆ ಇದೆಯಾ?"

"ಇದೆ. ಬಿಲ್ ಆಗುತ್ತಾ?"

"ಶ್ಯಾಡೋ" ಅಂದ. "ಐದು ಗಂಟೆಗೆ ಛತ್ರದ ಹತ್ತಿರ ಬಾ. ಉಪ್ಪು ನಿಂದು."