ಎರಡು ಹದೀಸ್‌ಗೂ ಸನದು ಝಈಫ್, ಒಂದನ್ನು ಮಾತ್ರ ಒಪ್ಪುವುದು ಯಾಕೆ?

ಶಿರಸಿ ಓದುಗ:
ಅಸ್ಸಲಾಮು ಅಲೈಕುಂ. ಇಲ್ಲಿ ಮದ್ರಸದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಗೆ ಎರಡು ಹದೀಸ್ (ಪ್ರವಾದಿಯವರ ಮಾತೆಂದು ಬಂದ ವರದಿ) ಸೂಚಿಸಿದ್ದಾರೆ: "ವಿದ್ಯಾರ್ಜನೆ ಪ್ರತಿ ಮುಸ್ಲಿಮನಿಗೂ ಕಡ್ಡಾಯ", "ವಿದ್ಯೆಗಾಗಿ ಚೀನಾಕ್ಕಾದರೂ ಹೋಗಿ". ಎರಡರ ಸನದೂ (ಹೇಳಿದವರ ಸರಪಳಿ) ಝಈಫ್ (ದುರ್ಬಲ) ಅಂತಾರೆ. ಆದರೂ ಮೊದಲನೆಯದನ್ನು ಹಸನ್ (ಒಪ್ಪಬಹುದಾದದ್ದು) ಎಂದವರಿದ್ದಾರೆ. ಯಾವ ಲೆಕ್ಕ ಇದು?

ಭಟ್ಕಳ ಕರಾವಳಿ:
ವ ಅಲೈಕುಂ ಅಸ್ಸಲಾಂ. ಸನದು ಎಷ್ಟಿವೆ ಅಂತ ಎಣಿಸುವ ಮೊದಲು ದೋಷ ಯಾವುದು ನೋಡಿ. ರಾವಿಗೆ (ಹದೀಸ್ ವರದಿ ಮಾಡಿದವರಿಗೆ) ಮರೆವು, ಅಥವಾ ನಡುವೆ ಒಂದು ಕೊಂಡಿ ಬಿಟ್ಟಿದೆ ಎಂದಾದರೆ, ಅದೇ ಬಲದ ಮತ್ತೊಂದು ಸ್ವತಂತ್ರ ಸನದು ಸಿಕ್ಕಾಗ ರಿವಾಯತ್ (ವರದಿ) 'ಹಸನ್ ಲಿಗೈರಿಹಿ' (ಬೇರೆ ಸನದಿನ ಬೆಂಬಲದಿಂದ ಹಸನ್) ಆಗುತ್ತದೆ. ಪರಸ್ಪರ ಕೇಳದ ಇಬ್ಬರು ಮರೆವಿನವರು ಒಂದೇ ತಪ್ಪು ಮಾಡುವುದು ಅಪರೂಪ. ಸುಳ್ಳಿನ ಆರೋಪ ಹೊತ್ತವರು, ಮತ್ರೂಕ್ (ವಿದ್ವಾಂಸರು ಕೈಬಿಟ್ಟ ರಾವಿ) ಆದವರು ಹತ್ತು ಮಂದಿ ಸೇರಿದರೂ ಪ್ರಯೋಜನವಿಲ್ಲ. ಹದೀಸ್ ವಿದ್ವಾಂಸ ಇಬ್ನುಸ್ಸಲಾಹ್ (ನಿಧನ ಹಿಜರಿ 643) ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದಾರೆ.

ಚೀನಾ ರಿವಾಯತ್ ಸಹಾಬಿ (ಪ್ರವಾದಿಯವರ ಸಂಗಾತಿ) ಅನಸ್(ರ)ರಿಂದ ಬರುವುದು ಅಬೂ ಆತಿಕ ಎಂಬ ರಾವಿಯ ಮೂಲಕ. ಆತ ತೀರಾ ದುರ್ಬಲ. ಹದೀಸ್ ವಿಮರ್ಶಕರಾದ ಇಬ್ನು ಹಿಬ್ಬಾನ್ ಇದನ್ನು ಬಾತಿಲ್ (ಹುರುಳಿಲ್ಲದ್ದು) ಎಂದರು, ಇಬ್ನುಲ್ ಜೌಝಿ ಕಟ್ಟುಕಥೆಗಳ ಸಾಲಿಗೆ ಸೇರಿಸಿದರು.

ಇನ್ನೊಂದು, ಅಂದರೆ "ಕಡ್ಡಾಯ" ಎನ್ನುವ ಹದೀಸ್, ಇಬ್ನು ಮಾಜ ಸಂಗ್ರಹದ 224ನೆಯದು. ಅದರಲ್ಲಿ ಹಫ್ಸ್ ಬಿನ್ ಸುಲೈಮಾನ್ ಇದ್ದಾರೆ. ಇಂದು ಬಹುತೇಕ ಕಡೆ ನಾವು ಕುರ್‌ಆನ್ ಓದುವ ಕಿರಾಅತ್‌ನ ಇಮಾಮರು ಅವರೇ, ಆದರೆ ಹದೀಸ್‌ನಲ್ಲಿ ಮತ್ರೂಕ್. ಹಾಗಾಗಿ ಈ ಸನದನ್ನು ಪಕ್ಕಕ್ಕಿಡಿ. ಅನಸ್‌ರಿಂದಲೇ ಬೇರೆ ದಾರಿಗಳಿವೆ, ಬೇರೆ ಸಹಾಬಿಗಳಿಂದ ಬೆಂಬಲ ನೀಡುವ ಶಾಹಿದ್‌ಗಳೂ ಇವೆ. ಅವನ್ನೆಲ್ಲ ಕೂಡಿಸಿಯೇ ಹದೀಸ್ ವಿದ್ವಾಂಸ ಮಿಝ್ಝಿ ಹಸನ್ ಎಂದದ್ದು. ಅವರಿಗಿಂತ ಹಿಂದಿನ ವಿದ್ವಾಂಸ ಬೈಹಕಿ ಹಾಗೆನ್ನಲಿಲ್ಲ: ಮಾತು ಪ್ರಸಿದ್ಧ, ಸನದು ಝಈಫ್ ಎಂದರು. ನನಗೆ ಮಿಝ್ಝಿಯವರ ಮಾತೇ ಸರಿ ಅನಿಸುತ್ತದೆ.

ಕಾರವಾರ ಬಂದರು:
ಮೇಲಿನದಕ್ಕೆ ಸೇರಿಸುತ್ತೇನೆ. ಸಿಕ್ಕ ಸನದುಗಳನ್ನೆಲ್ಲ ಒಂದು ಹಾಳೆಯ ಮೇಲೆ ಮರದ ಹಾಗೆ ಬರೆಯಿರಿ, ಸಹಾಬಿ ಮೇಲೆ, ಗ್ರಂಥಕರ್ತರು ಕೆಳಗೆ. ಎಲ್ಲ ಗೆರೆ ಕೂಡುವ ಹೆಸರೇ ಮದಾರ್. ಆ ರಾವಿಯೇ ದುರ್ಬಲರಾದರೆ ಕೆಳಗೆ ಇಪ್ಪತ್ತು ಕವಲಿದ್ದರೂ ಸನದು ಒಂದೇ. ಎಡವುವುದು ಹೆಚ್ಚಾಗಿ ಇಲ್ಲೇ. ಮದಾರ್ ಗಟ್ಟಿಯಾಗಿದ್ದರೆ ಒಂದೇ ಸಾಕು: "ಕರ್ಮಗಳು ಸಂಕಲ್ಪದಂತೆ" ಹದೀಸ್ ಉಮರ್(ರ)ರಿಂದ ಯಹ್ಯಾ ಬಿನ್ ಸಈದ್‌ವರೆಗೆ ಒಂದೇ ಎಳೆ, ಆದರೂ ಸಹೀಹ್ (ಪೂರ್ತಿ ಪ್ರಾಮಾಣಿಕ).

ಮುದಲ್ಲಿಸ್ (ನಡುವಿನ ಹೆಸರು ಮರೆಮಾಚುವ) ರಾವಿ 'ಅನ್' ('ಇಂಥವರಿಂದ') ಎಂದಷ್ಟೇ ಹೇಳಿದ್ದರೆ ಎಚ್ಚರ. ಬಿಟ್ಟ ಹೆಸರು ಇನ್ನೊಂದು ಸನದಿನ ದುರ್ಬಲ ರಾವಿಯದೇ ಇರಬಹುದು, ಆಗ ಎರಡೂ ಒಂದೇ. ರಾವಿಗಳ ಕುರಿತ ಗ್ರಂಥ ತಕ್ರೀಬ್‌ನಲ್ಲಿ ಇಬ್ನು ಹಜರ್ 'ಮಕ್ಬೂಲ್' (ಒಪ್ಪಬಹುದಾದವರು) ಎಂದು ಬರೆದವರು ಒಂಟಿಯಾಗಿ ನಿಲ್ಲುವುದಿಲ್ಲ, ಜೊತೆಗಾರ ಬೇಕು.

ಶಿರಸಿ ಓದುಗ:
ಅಬೂ ಆತಿಕರ ರಿವಾಯತ್‌ನಲ್ಲಿ ಚೀನಾದ ಮಾತಿನ ಹಿಂದೆಯೇ "ಕಡ್ಡಾಯ" ಎಂಬ ಮಾತೂ ಇದೆಯಲ್ಲ?

ಭಟ್ಕಳ ಕರಾವಳಿ:
ಇದೆ. ಬೆಂಬಲ ಸಿಗುವುದು ಉಳಿದ ಸನದುಗಳಲ್ಲೂ ಇರುವ ಭಾಗಕ್ಕೆ ಮಾತ್ರ. ಚೀನಾದ ಅರ್ಧಕ್ಕೆ ಅದು ದಾಟುವುದಿಲ್ಲ. ಕೊನೆಗೆ ಸೇರಿಸುವ "ವ ಮುಸ್ಲಿಮತಿನ್" (ಮುಸ್ಲಿಂ ಹೆಂಗಸಿಗೂ) ಕೂಡ ಹಾಗೆಯೇ: ಅರ್ಥ ಸರಿ, ಹೆಂಗಸರಿಗೂ ಕಡ್ಡಾಯವೇ, ಆದರೆ ಆ ಪದಕ್ಕೆ ಸನದಿಲ್ಲ. ಪತ್ರಿಕೆಯಲ್ಲಿ ಮೊದಲನೆಯದನ್ನಷ್ಟೇ ಹಾಕಿ, ಕೆಳಗೆ "ಇಬ್ನು ಮಾಜ 224" ಎಂದು ಬರೆಯಿರಿ.