ಕನ್ನಡ ಟೈಪ್ ಮಾಡಿದರೆ ಅಕ್ಷರ ತಡವಾಗಿ ಬರುತ್ತಿದೆ, ಹೊಸ ಲ್ಯಾಪ್‌ಟಾಪ್ ಬೇಕಾ?

ತೋಟದಮನೆ (ಮೂಡಿಗೆರೆ):
ಎಲ್ಲರಿಗೂ ನಮಸ್ಕಾರ. ಪತ್ರಿಕೆಗೆ ವಾರಕ್ಕೊಂದು ಬರಹ, ಮಹಿಳಾ ಸಂಘದ ನಡಾವಳಿ, ಆಗೊಮ್ಮೆ ಈಗೊಮ್ಮೆ ಕಥೆ. ನನ್ನ ಕೆಲಸ ಇಷ್ಟೇ. ಲ್ಯಾಪ್‌ಟಾಪ್ 2015ರದ್ದು. ಐ3 ಐದನೇ ಜನರೇಷನ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಿರುತ್ತದೆ. ಅಂಗಡಿಯವರು ಐ7, 16 ಜಿಬಿ, ಗ್ರಾಫಿಕ್ಸ್ ಕಾರ್ಡ್ ಇರೋದೇ ತಗೊಳ್ಳಿ ಅಂದರು. ನನ್ನ ಕೈಯಲ್ಲಿರೋದು 45 ಸಾವಿರ. ಅಷ್ಟೆಲ್ಲ ಬೇಕಾ?

ಹಾಸನದ ಸ್ಕ್ರೂಡ್ರೈವರ್:
ಮೇಡಂ, ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ ಅಂದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ದುಡ್ಡಿನ ಮಾತು ಆಮೇಲೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ನಿಧಾನ ಆದಾಗ ಸಿಪಿಯು, ಮೆಮೊರಿ, ಡಿಸ್ಕ್ ಎಷ್ಟೆಷ್ಟು ಶೇಕಡಾ ತೋರಿಸುತ್ತದೆ?

ತೋಟದಮನೆ:
ಸಿಪಿಯು 18, ಮೆಮೊರಿ 87. ಡಿಸ್ಕ್ 100ರಿಂದ ಇಳಿಯುವುದೇ ಇಲ್ಲ.

ಹಾಸನದ ಸ್ಕ್ರೂಡ್ರೈವರ್:
ನೋಡಿ, ಪ್ರೊಸೆಸರ್ ಸುಮ್ನೆ ಕೂತಿದೆ. ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕಿಗೆ ಸುರಿಯುತ್ತಿದೆ. ಒಳಗೆ ತಟ್ಟೆ ತಿರುಗಿ, ಮುಳ್ಳು ಓಡಾಡಿ ಹುಡುಕುವ ಹಾರ್ಡ್ ಡಿಸ್ಕ್ ಅದು. ಆ ವೇಗಕ್ಕೆ ಅದರ ಕೈಲಿ ಆಗಲ್ಲ. ಅದರ ಬದಲು ಏನೂ ತಿರುಗದ, ಚಿಪ್‌ನಲ್ಲೇ ಉಳಿಸುವ ಎಸ್‌ಎಸ್‌ಡಿ ಹಾಕಿ ರ‍್ಯಾಮ್ 8 ಮಾಡಿದರೆ ಇದೇ ಲ್ಯಾಪ್‌ಟಾಪ್ ಎದ್ದು ಓಡುತ್ತದೆ.

ಆದರೆ ಒಂದು ತೊಡಕಿದೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ಗಿಂತ ಹಳೆಯವು ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಬಹುದು, ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ಅದರಲ್ಲೂ ಇದೆ. ಪತ್ರಿಕೆಯವರು ಯಾವ ಫೈಲ್ ಕೇಳುತ್ತಾರೆ?

ತೋಟದಮನೆ:
ಅಯ್ಯೋ, ಅವರಿಗೆ ನುಡಿಯಲ್ಲೇ ಬೇಕು. ಆ ಕನ್ನಡ ತಂತ್ರಾಂಶದ ಹಳೇ ಫಾಂಟ್.

ಹಾಸನದ ಸ್ಕ್ರೂಡ್ರೈವರ್:
ಹಳೇ ನುಡಿ ವಿಂಡೋಸಿಗೆ ಮಾಡಿದ್ದು. ಹಾಗಾದರೆ ಹೊಸದೇ ಇರಲಿ, ವಿಂಡೋಸ್ 11 ಇರುವುದು. ಈಗಿನ ಐ3 ಅಥವಾ ರೈಜನ್ 3 ಧಾರಾಳ ಸಾಕು. 8 ಜಿಬಿ ರ‍್ಯಾಮ್, ಮುಂದೆ ಸೇರಿಸಲು ಖಾಲಿ ಸ್ಲಾಟ್ ಇದೆಯಾ ಅಂತ ಕೇಳಿ. ಕೆಲವದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 256 ಜಿಬಿ ಎಸ್‌ಎಸ್‌ಡಿ ಇದ್ದರೂ ನಡೆಯುತ್ತದೆ. ಕಡಿಮೆ ಬೆಲೆಗೆ ಎಸ್‌ಎಸ್‌ಡಿಗಿಂತ ನಿಧಾನದ 64 ಜಿಬಿ ಇಎಂಎಂಸಿ ಇರುವುದನ್ನು ತೋರಿಸಿದರೆ ಕೈ ಮುಗಿದು ಎದ್ದು ಬನ್ನಿ.

ಒತ್ತಕ್ಷರ (ಕೊಪ್ಪ):
ಮಾರಾಯ್ರೇ, ಸ್ಕ್ರೀನ್ ವಿಷಯ ಯಾರೂ ಹೇಳಲಿಲ್ಲವಲ್ಲ! ನಾನು ಪ್ರೂಫ್ ನೋಡುವವನು. 1366×768 ಪರದೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ. ಣ, ಷ ಒತ್ತು ಯಾವುದು ಅಂತ ಕಣ್ಣು ಕಿರಿದು ಮಾಡಬೇಕು. 1920×1080, ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಕೆಡದ್ದು), ಹೊಳಪಿಲ್ಲದ ಮ್ಯಾಟ್ ಪರದೆ ತಗೊಳ್ಳಿ. ಕಿಟಕಿ ಪಕ್ಕ ಕೂತರೂ ಮುಖ ಕಾಣುವುದಿಲ್ಲ.

ಕೀಬೋರ್ಡ್ ಮೇಲೆ ಅಂಗಡಿಯಲ್ಲೇ ಒಂದು ಪುಟ ಹೊಡೆದು ನೋಡಿ, ನಾಚಿಕೆ ಬೇಡ. ನುಡಿಯಲ್ಲಿ 'ಸ್ತ್ರೀ' ಬರೆಯೋಕೆ ಆರು ಕೀಲಿ ಬೇಕು, ಮೇಲೆ ಒಂದು ಶಿಫ್ಟ್. ಇಂಗ್ಲಿಷಿನವರಿಗಿಂತ ನಮ್ಮ ಬೆರಳಿಗೆ ಕೆಲಸ ಜಾಸ್ತಿ.

ಆಮೇಲೆ ಕರೆಂಟು. ಆರಿದ್ರಾ ಮಳೆ ಹಿಡಿದರೆ ನಿಮ್ಮಲ್ಲೂ ನಮ್ಮ ಕಥೆಯೇ ಅಲ್ವಾ? 'ಹತ್ತು ಗಂಟೆ ಬರುತ್ತೆ' ಎನ್ನುವ ಮಾತು ಬಿಡಿ, ಬ್ಯಾಟರಿ ಎಷ್ಟು ವ್ಯಾಟ್ ಅವರ್ ಅಂತ ಕೇಳಿ. 50 ಇದ್ದು, ಬರೆಯುವಾಗ 8 ವ್ಯಾಟ್ ತಿಂದರೆ ಆರು ಗಂಟೆ. ಟೈಪ್ ಸಿ ಚಾರ್ಜಿಂಗ್ ಇದ್ದರೆ ಜೀಪಿನಲ್ಲೂ ತುಂಬಿಸಬಹುದು. ಆದರೆ ಕಾರ್ ಚಾರ್ಜರ್ 45 ಅಥವಾ 65 ವ್ಯಾಟಿಂದಿರಬೇಕು, ಫೋನಿಂದು ಸಾಲದು.

ತೋಟದಮನೆ (ಮೂರು ವಾರದ ನಂತರ):
ತಗೊಂಡೆ. ಐ3, 8 ಜಿಬಿ, ಒಂದು ಸ್ಲಾಟ್ ಖಾಲಿ. ಒಂದು ಪುಟ ಅಂಗಡಿಯಲ್ಲೇ ಹೊಡೆದೆ, ಹುಡುಗರು ನಕ್ಕರು. ಅಕ್ಷರ ಈಗ ಬೆರಳಿನ ಹಿಂದೆಯೇ ಬರುತ್ತದೆ. ಆದರೆ ಹಳೇ ಬರಹ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಎಲ್ಲ ಹಾಳಾಯಿತಾ?

ಹಾಸನದ ಸ್ಕ್ರೂಡ್ರೈವರ್:
ಏನೂ ಆಗಿಲ್ಲ ಮೇಡಂ. ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡಿರುತ್ತದೆ. ಆ ಫಾಂಟು ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅಷ್ಟೇ. ನುಡಿ ಹಾಕಿ, ಬರಹ ವಾಪಸ್ ಬರುತ್ತದೆ. ಹಾಗೇ ಒಂದು ಪ್ರತಿ, ನುಡಿ ಫಾಂಟ್ ಇಲ್ಲದೆಯೂ ಓದಲು ಬರುವ ಯುನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ, ತಪ್ಪು ನುಸುಳಿದರೆ ಅಲ್ಲೇ.