ಪದಚರ್ಚೆ: ಮಕ್ಕಳು ಬಟ್ಟೆಯಲ್ಲಿ ಮನೆ ‘ಬಿಡಿಸಿದರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಕಲಾಕೂಟವೊಂದಕ್ಕೆ ಕನ್ನಡದಲ್ಲಿ ಸೂಚನೆಯ ಚೀಟಿಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಕ್ಕಳು ಸೂಜಿ, ದಾರ, ಬಟ್ಟೆ ಚೂರು ಹಿಡಿದು ಒಬ್ಬೊಬ್ಬರೂ ಒಂದೊಂದು ಮನೆ ಮಾಡುತ್ತಿದ್ದಾರೆ. ಗೋಡೆಗೆ ಒಂದು ಬಟ್ಟೆ, ಛಾವಣಿಗೆ ಇನ್ನೊಂದು, ಕಿಟಕಿ ಬಾಗಿಲಿಗೆ ಸಣ್ಣ ತುಂಡುಗಳು. ಎಲ್ಲವೂ ಕೈಹೊಲಿಗೆ. ಮುಗಿದ ಮೇಲೆ ಸಾಲಾಗಿ ತೂಗುಹಾಕುತ್ತಾರೆ. ಕೆಲಸ ಚೆನ್ನಾಗಿ ನಡೆದಿದೆ, ಪೇಚಾಟ ಇರುವುದು ಪದಗಳಲ್ಲಿ.

ಮೊದಲು ತಲೆಬರಹವನ್ನೇ ನೋಡಿ. ಕೂಟದವರು ಬರೆದಿಟ್ಟಿದ್ದು ‘ಮಕ್ಕಳ ಬಟ್ಟೆ ಕಲೆ’. ಓದಿದ ಕೂಡಲೇ ಸೋಪಿನ ಪುಡಿಯ ಜಾಹೀರಾತು ಕಣ್ಣಮುಂದೆ ಬರುತ್ತದೆ, ಅಲ್ವಾ? ಕನ್ನಡದಲ್ಲಿ ಕಲೆ ಎರಡಿವೆ. ಒಂದು ಸಂಸ್ಕೃತದ ‘ಕಲಾ’ದಿಂದ ಬಂದದ್ದು. ಇನ್ನೊಂದು ಬಟ್ಟೆಗೆ ಎಣ್ಣೆ ಚೆಲ್ಲಿದರೆ ಆಗುವುದು, ಗಾಯ ಮಾಗಿದ ಮೇಲೆ ಚರ್ಮದ ಮೇಲೆ ಉಳಿಯುವುದು. ಚಿತ್ರಕಲೆ, ಶಿಲ್ಪಕಲೆ ಅಂದಾಗ ಯಾರಿಗೂ ಅನುಮಾನ ಬರುವುದಿಲ್ಲ. ಪಕ್ಕದಲ್ಲಿ ಬಟ್ಟೆ ಬಂತೋ, ಎರಡನೆಯ ಕಲೆ ಎದ್ದು ಕೂರುತ್ತದೆ. ‘ವಸ್ತ್ರಕಲೆ’ ಅಂದರೆ ಈ ಅನುಮಾನ ತಪ್ಪುತ್ತದೆ, ನಿಜ. ಆದರೆ ಅದು ಸೀರೆ ಅಂಗಡಿಯ ಹೆಸರಿನ ಹಾಗೆ ಕೇಳಿಸುತ್ತದೆ. ಎಂಟು ವರ್ಷದ ಮಗು ಮನೆಗೆ ಹೋಗಿ ‘ನಾನು ವಸ್ತ್ರಕಲೆ ಮಾಡಿದೆ’ ಅಂತ ಹೇಳುವುದು ನನಗಂತೂ ಕಲ್ಪನೆಗೆ ಬರುತ್ತಿಲ್ಲ.

ಇದಕ್ಕಿಂತ ದೊಡ್ಡ ತಕರಾರು ಕ್ರಿಯಾಪದದ್ದು. ಚೀಟಿಯಲ್ಲಿ ‘ಮೊದಲು ದಾರದಿಂದ ಮನೆ ಬಿಡಿಸಿ’ ಎಂದಿತ್ತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ಚಿತ್ರ ಬಿಡಿಸುವುದು. ಆದರೆ ದಾರದ ಜೊತೆ ‘ಬಿಡಿಸು’ ಬಂದರೆ ಅರ್ಥ ತಿರುಗಿ ನಿಲ್ಲುತ್ತದೆ. ಸಿಕ್ಕು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ. ಹಾಕಿದ ಹೊಲಿಗೆಯನ್ನು ಬಿಚ್ಚುವುದಕ್ಕೂ ಅದೇ ಮಾತು ಬಳಸುವವರಿದ್ದಾರೆ. ಚೀಟಿ ಓದಿದ ಹುಡುಗಿಯೊಬ್ಬಳು ಕತ್ತರಿ ಕೈಗೆತ್ತಿಕೊಂಡು ‘ಅರ್ಧ ಆಗಿದೆ, ಈಗ ಬಿಚ್ಚಬೇಕಾ?’ ಅಂತ ಕೇಳಿದಳು. ಅವಳ ಓದು ಸರಿಯಾಗಿಯೇ ಇತ್ತು. ಇನ್ನು ಮೂರನೆಯ ಅರ್ಥವೂ ಇದೆ. ಬಾಡಿಗೆಯವರಿಂದ ಮನೆ ಬಿಡಿಸುತ್ತಾರಲ್ಲ, ಅದು! ‘ಮಕ್ಕಳು ಬಿಡಿಸಿದ ಮನೆಗಳು’ ಅಂತ ದೊಡ್ಡಕ್ಷರದಲ್ಲಿ ಬರೆದು ತೂಗುಹಾಕಿದರೆ ನಗುವವರು ನಕ್ಕೇ ನಗುತ್ತಾರೆ.

ಎಲ್ಲ ಕಡೆಯೂ ಚಿತ್ರ ‘ಬಿಡಿಸು’ವುದಿಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ. ಕೆಲವರು ಚಿತ್ರ ಬರೆಯುತ್ತಾರೆ, ಕೆಲವರು ತೆಗೆಯುತ್ತಾರೆ. ‘ಮನೆ ಬರೆ’ ಅಂದರೆ ಬಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕುವುದಕ್ಕೆ ಚೆನ್ನಾಗಿ ಒಪ್ಪುತ್ತದೆ. ಸೂಜಿಗೆ ಒಪ್ಪುವುದಿಲ್ಲ. ‘ತೆಗೆ’ ಇನ್ನೂ ಮಜಾ. ಕಸೂತಿ ತೆಗೆಯುವುದು, ಬಟ್ಟೆಯ ಮೇಲೆ ಹೂವು ತೆಗೆಯುವುದು ಅಂತ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಇಲ್ಲದ್ದನ್ನು ಬಟ್ಟೆಯೊಳಗಿಂದ ಹೊರಗೆ ಎಳೆದು ತಂದಂತೆ. ಆದರೆ ಆ ಬಳಕೆ ಗೊತ್ತಿಲ್ಲದ ಮಗು ‘ಹೂವು ತೆಗೆ’ ಅಂದರೆ ಹೂವನ್ನು ಕಿತ್ತುಹಾಕೀತು. ಹೀಗಾಗಿ ನಾನು ಸದ್ಯಕ್ಕೆ ‘ಹೊಲಿ’ ಎಂಬ ನೇರ ಮಾತಿಗೆ ಬಂದು ನಿಂತಿದ್ದೇನೆ. ‘ಮಕ್ಕಳು ಹೊಲಿದ ಮನೆಗಳು’. ಸಪ್ಪೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಅಂಗಿ ಹೊಲಿಯುತ್ತಾರೆ, ಚೀಲ ಹೊಲಿಯುತ್ತಾರೆ, ಮನೆಯನ್ನು ಯಾರು ಹೊಲಿಯುತ್ತಾರೆ? ಆ ಸಣ್ಣ ಎಡವು ಓದುವವರನ್ನು ಒಂದು ಗಳಿಗೆ ನಿಲ್ಲಿಸುತ್ತದೆ.

‘ನೇಯ್ದ ಮನೆಗಳು’ ಅಂತ ಒಬ್ಬರು ಸೂಚಿಸಿದರು. ಅದು ಬೇಡ. ನೇಯುವುದು ಅಂದರೆ ಹಾಸು ಹೊಕ್ಕುಗಳನ್ನು ಸೇರಿಸಿ ಬಟ್ಟೆಯನ್ನೇ ಹುಟ್ಟಿಸುವುದು. ಇಲ್ಲಿ ಬಟ್ಟೆ ಮೊದಲೇ ಇದೆ. ಹೆಣೆಯುವುದೂ ಅಲ್ಲ, ಅದು ಉಣ್ಣೆ ಕಡ್ಡಿಯ ಕೆಲಸ. ಈ ಗೊಂದಲ ಬರೀ ನಮ್ಮಲ್ಲಿ ಮಾತ್ರ ಇಲ್ಲ ಬಿಡಿ. ಫ್ರಾನ್ಸಿನ ಹೆಸರಾಂತ ‘ಬೇಯೂ ಟ್ಯಾಪೆಸ್ಟ್ರಿ’ ಇದೆಯಲ್ಲ, ಸುಮಾರು 70 ಮೀಟರ್ ಉದ್ದದ್ದು, 11ನೇ ಶತಮಾನದ್ದು. ಟ್ಯಾಪೆಸ್ಟ್ರಿ ಅಂದರೆ ನೇಯ್ದ ಚಿತ್ರ. ಆದರೆ ಅದು ನಾರುಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಸೂಜಿಯಿಂದ ಮಾಡಿದ್ದು. ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ. ನಮ್ಮ ಚೀಟಿಗಳಿಗೆ ಆ ಗತಿ ಬರದಿರಲಿ.

ಈಗ ಕಸೂತಿಯ ವಿಚಾರ. ಇಲ್ಲಿ ಜಗಳ ಬರುತ್ತದೆ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ. ದಿನಬಳಕೆಯಲ್ಲಿ ಸೂಜಿದಾರದಿಂದ ಬಟ್ಟೆಯ ಮೇಲೆ ಏನು ಅಲಂಕಾರ ಮಾಡಿದರೂ ಕಸೂತಿಯೇ. ಆದರೆ ಅದರ ಖಾಸಾ ಅರ್ಥದಲ್ಲಿ ಕಸೂತಿಗೆ ಕಟ್ಟುನಿಟ್ಟು ಜಾಸ್ತಿ. ಬಟ್ಟೆಯ ಎಳೆ ಎಣಿಸಿ ಹೊಲಿಯಬೇಕು. ಗಂಟು ಹಾಕುವ ಹಾಗಿಲ್ಲ. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಂತೂ ಬಟ್ಟೆ ತಿರುಗಿಸಿದರೆ ಎರಡು ಬದಿಯೂ ಒಂದೇ ಥರ ಕಾಣಬೇಕು. ನಮ್ಮ ಮಕ್ಕಳ ಮನೆಗಳನ್ನು ತಿರುಗಿಸಿ ನೋಡಬೇಕು ನೀವು! ಮುಂದೆ ಅಚ್ಚುಕಟ್ಟಾದ ಕಿಟಕಿ, ಹಿಂದೆ ನಾಲ್ಕು ಗಂಟು, ಅಡ್ಡಡ್ಡ ಹಾದುಹೋದ ಹಸಿರು ದಾರ, ತುದಿ ಕತ್ತರಿಸದೆ ಬಿಟ್ಟ ಬಾಲ. ನನಗೆ ಹಿಂಬದಿಯೇ ಇಷ್ಟ, ಅದು ಬೇರೆ ಮಾತು. ಅದನ್ನು ಕಸೂತಿ ಅಂದರೆ ಕಸೂತಿ ಬಲ್ಲವರು ಒಪ್ಪಲಾರರು. ಅಲ್ಲದೆ ಇಲ್ಲಿ ಮುಖ್ಯ ಕೆಲಸ ಬಟ್ಟೆಯ ಮೇಲೆ ಬಟ್ಟೆ ಕೂರಿಸುವುದು, ದಾರದ ಅಲಂಕಾರ ಆಮೇಲಿನದು.

ಆದರೂ ಹೊಲಿಗೆಗಳ ಹೆಸರಿಗೆ ಕಸೂತಿಯ ಮನೆಗೇ ಹೋಗಿ ಸಾಲ ತರಬಹುದೇನೋ ಅನ್ನಿಸುತ್ತದೆ. ಅಲ್ಲಿ ನಾಲ್ಕು ಹೊಲಿಗೆಗಳು ಇವೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಮೆಂತಿ ಅಂದರೆ ಅಡ್ಡ ಹಾಯ್ದು ಗುಣಾಕಾರದ ಗುರುತಿನಂತೆ ಕಾಣುವುದು. ಹೆಸರೇ ಎಷ್ಟು ಚೆನ್ನ! ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನೇಗಿ ನಮ್ಮ ರನ್ನಿಂಗ್ ಸ್ಟಿಚ್‌ಗೆ ತೀರಾ ಹತ್ತಿರ. ನೇಯ್ಗೆಯ ಹಾಗೆ ಕಾಣುವುದರಿಂದ ಆ ಹೆಸರು. ಗವಂತಿಗೆ ಮೂಲ ‘ಗಂಟು’ ಎನ್ನುವುದುಂಟು. ಗಂಟೇ ಹಾಕದ ಕಸೂತಿಯಲ್ಲಿ ಗಂಟಿನ ಹೆಸರಿನ ಹೊಲಿಗೆ! ಈ ಮೂಲದ ಬಗ್ಗೆ ಬಲ್ಲವರು ನಾಲ್ಕು ಸಾಲು ಬರೆದರೆ ಉಪಕಾರ.

ರನ್ನಿಂಗ್ ಸ್ಟಿಚ್‌ಗೆ ‘ಓಟದ ಹೊಲಿಗೆ’ ಅಂತ ಬರೆಯಬಹುದು, ಆದರೆ ಓದಿದ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಅವರೇ ಒಂದು ಹೆಸರು ಇಟ್ಟುಕೊಂಡಿದ್ದಾರೆ: ‘ಮುಳುಗು ಹೊಲಿಗೆ’. ಸೂಜಿ ಮುಳುಗುತ್ತದೆ, ಏಳುತ್ತದೆ, ಮತ್ತೆ ಮುಳುಗುತ್ತದೆ. ನನ್ನ ಮತ ಅದಕ್ಕೇ. ಬ್ಯಾಕ್ ಸ್ಟಿಚ್ ಕಷ್ಟ. ‘ಹಿಂಹೊಲಿಗೆ’ ಅಂದರೆ ಬಟ್ಟೆಯ ಹಿಂಬದಿಯ ಹೊಲಿಗೆ ಅನ್ನಿಸುತ್ತದೆ. ಅದನ್ನು ಗವಂತಿ ಅನ್ನಲೂ ಆಗದು. ಮುಂದೆ ಎರಡೂ ಬಿಡುವಿಲ್ಲದ ಗೆರೆಯಂತೆಯೇ ಕಾಣುತ್ತವೆ. ಆದರೆ ಗವಂತಿಯಲ್ಲಿ ಒಮ್ಮೆ ಬಿಟ್ಟು ಬಿಟ್ಟು ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಬ್ಯಾಕ್ ಸ್ಟಿಚ್‌ನಲ್ಲಿ ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬರುತ್ತೇವೆ, ಹಿಂಬದಿಯಲ್ಲಿ ದಾರ ಒಂದರ ಮೇಲೊಂದು ಬೀಳುತ್ತದೆ. ‘ಮರುಹೆಜ್ಜೆ’ ಅಂತ ಬರೆದಿಟ್ಟಿದ್ದೇನೆ. ಒಪ್ಪಿಗೆಯೇ? ಚೈನ್ ಸ್ಟಿಚ್‌ಗೆ ಸರಪಳಿ ಹೊಲಿಗೆ ಇದ್ದೇ ಇದೆ, ಚರ್ಚೆ ಬೇಡ.

ಬಟ್ಟೆಯ ಮೇಲೆ ಬಟ್ಟೆ ಕೂರಿಸಿ ಹೊಲಿಯುವುದಕ್ಕೆ ಅಪ್ಲಿಕ್ ಅನ್ನುತ್ತಾರಲ್ಲ, ಅದಕ್ಕೆ ಮಾತ್ರ ನಾನು ಸೋತಿದ್ದೇನೆ. ಫ್ರೆಂಚ್ ಮೂಲದ ಮಾತು, ‘ಮೇಲೆ ಹಚ್ಚಿದ್ದು’ ಎಂದೇ ಅದರ ಅರ್ಥ. ದರ್ಜಿಗಳು ಪ್ಯಾಚ್ ವರ್ಕ್ ಅಂದುಬಿಡುತ್ತಾರೆ. ಆದರೆ ತುಂಡುಗಳ ಅಂಚಿಗೆ ಅಂಚು ಜೋಡಿಸುವುದು ಬೇರೆ, ತುಂಡಿನ ಮೇಲೆ ತುಂಡು ಇಟ್ಟು ಹೊಲಿಯುವುದು ಬೇರೆ. ನಮ್ಮಲ್ಲಿ ‘ತೇಪೆ’ ಇದೆ. ಕೆಲಸ ನೋಡಿದರೆ ಅದೇ ಸರಿಯಾದ ಪದ. ಆದರೆ ತೇಪೆ ಹರಿದದ್ದಕ್ಕೆ ಹಾಕುವುದು. ಅದರಲ್ಲೂ ‘ತೇಪೆ ಹಚ್ಚುವ ಕೆಲಸ’ ಅಂದರೆ ಈಗ ಬೈಗುಳದ ಹತ್ತಿರ ಬಂದುಬಿಟ್ಟಿದೆ. ‘ತೇಪೆಯ ಮನೆ’ ಅಂದರೆ ಬೀಳುವ ಹಾಗಿರುವ ಮನೆ ಅಂದುಕೊಳ್ಳುತ್ತಾರೆ. ‘ಹಚ್ಚಿ ಹೊಲಿ’ ಅನ್ನೋಣವೆಂದರೆ ಹಚ್ಚುವುದು ಕೆಲವರ ಕಿವಿಗೆ ತರಕಾರಿ ಹೆಚ್ಚಿದಂತೆ ಕೇಳುತ್ತದೆ. ಬಟ್ಟೆ ಕತ್ತರಿಸು ಅಂತ ತಿಳಿದರೆ ಮುಗಿಯಿತು! ‘ಮೇಲಿಟ್ಟು ಹೊಲಿ’ ಅಂತ ಸುಮ್ನೆ ಬಿಡಿಸಿ ಹೇಳುವುದೇ ಲೇಸೇನೋ. (ನೋಡಿ, ಇಲ್ಲಿ ‘ಬಿಡಿಸಿ’ ಮತ್ತೆ ನುಸುಳಿತು, ನಾಲ್ಕನೆಯ ಅರ್ಥದಲ್ಲಿ.)

ಹಾಗಂತ ಎಲ್ಲವೂ ತೊಡಕಲ್ಲ. ‘ಮೊಳ’ವನ್ನೇ ನೋಡಿ. ದಾರ ತುಂಬ ಉದ್ದವಾದರೆ ಸಿಕ್ಕು ಬೀಳುತ್ತದೆ, ಗಿಡ್ಡವಾದರೆ ಗೋಡೆ ಮುಗಿಯುವ ಮೊದಲೇ ತೀರುತ್ತದೆ. ಮೊಣಕೈಯಿಂದ ಬೆರಳ ತುದಿಯಷ್ಟು, ದೊಡ್ಡವರಿಗೆ ಸುಮಾರು 45 ಸೆಂಟಿಮೀಟರ್, ಸರಿಯಾದ ಉದ್ದ. ‘ಒಂದು ಮೊಳ ದಾರ’ ಎಂದರೆ ಸಾಕು. ಸಣ್ಣ ಕೈಗೆ ಸಣ್ಣ ಮೊಳ, ಅಳತೆಪಟ್ಟಿ ಬೇಕಿಲ್ಲ. ಹಾಗೆಯೇ ‘ಎಳೆ’. ಕಸೂತಿ ದಾರದ ಉಂಡೆಯಲ್ಲಿ ಆರು ಎಳೆ ಸೇರಿರುತ್ತವೆ. ‘ಮೂರು ಎಳೆ ಎಳೆದುಕೊಳ್ಳಿ’ ಅಂದರೆ ಮಕ್ಕಳು ಅದನ್ನೇ ರಾಗವಾಗಿ ಹೇಳಿಕೊಂಡು ಎಳೆಯುತ್ತಾರೆ.

ಇನ್ನೊಂದೇ ಒಂದು. ಚೌಕಳಿ ಬಟ್ಟೆಯ ಮೇಲೆ ಹೊಲಿಯುವವರಿಗೆ ‘ಮೂರು ಮನೆ ಬಿಟ್ಟು ಸೂಜಿ ಚುಚ್ಚಿ’ ಎಂದು ಬರೆದಿದೆ. ಚದುರಂಗದಲ್ಲಿ ಹೇಳುವಂತೆ ಚೌಕಕ್ಕೆ ಮನೆ ಅಂದದ್ದು. ಆದರೆ ಬಟ್ಟೆಯ ತುಂಬ ಮನೆಗಳನ್ನೇ ಹೊಲಿಯುತ್ತಿರುವ ಮಗುವಿಗೆ ಇದು ಹೇಗೆ ಕೇಳೀತು? ‘ಚೌಕ’ ಅನ್ನಬಹುದು, ‘ಕಣ್ಣು’ ಅನ್ನುವವರೂ ಇದ್ದಾರೆ. ಸೂಜಿಗೂ ಕಣ್ಣು ಇರುವುದರಿಂದ ನಾನು ‘ಚೌಕ’ದ ಕಡೆ ವಾಲಿದ್ದೇನೆ.

ಈ ಚೀಟಿಗಳು ಅಚ್ಚಿಗೆ ಹೋಗುವ ಮುಂಚೆ ಮುಖ್ಯವಾಗಿ ಎರಡಕ್ಕೆ ಉತ್ತರ ಬೇಕು: ಅಪ್ಲಿಕ್‌ಗೆ ತೇಪೆಯ ಮಸಿ ಮೆತ್ತಿಕೊಳ್ಳದ ಪದ, ಮತ್ತು ಬ್ಯಾಕ್ ಸ್ಟಿಚ್‌ಗೆ ‘ಮರುಹೆಜ್ಜೆ’ಗಿಂತ ಒಳ್ಳೆಯದು. ನಿಮ್ಮ ಮನೆಯ ಹಿರಿಯರು ಕೌದಿ ಹೊಲಿಯುವಾಗ ಏನನ್ನುತ್ತಿದ್ದರು ಅಂತ ದಯವಿಟ್ಟು ಕೇಳಿ ಬರೆಯಿರಿ. ನಿಘಂಟಿನಲ್ಲಿ ಇಲ್ಲದ ಪದವಾದರೂ ಸರಿ.